ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ ನಂಬಿಕೆ ಉಳಿಸಿಕೊಳ್ಳುವುದು ಹೇಗೆ?

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡ್ ಎತ್ತುವ ರೂಢಿ ಇದೆ. ಸ್ಟೀಲ್ ತಟ್ಟೆಯಲ್ಲಿ ಕಾರ್ಡುಗಳನ್ನು ಕವುಚಿ ಇಟ್ಟಿರುತ್ತಾರೆ. ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಂಡು, ಹೊಸ ವರ್ಷಕ್ಕೆ ದೇವರು ಕೊಟ್ಟ ಮಾತು ಇದು ಅಂತ ಮನೆಗೆ ತರುತ್ತಾರೆ. ಒಂದು ವರ್ಷ ಅಮ್ಮನ ಕೈಗೆ ಬಂದದ್ದು ಸತ್ಯವೇದದ (ಬೈಬಲ್‌ನ) 91ನೇ ಕೀರ್ತನೆಯ ವಚನ. ಯಾವ ಕೇಡೂ ನಿನ್ನ ಮನೆಯ ಹತ್ತಿರ ಸುಳಿಯುವುದಿಲ್ಲ ಎಂಬ ಭರವಸೆ. ಅಮ್ಮ ಅದನ್ನು ಬೀರುವಿನ ಕನ್ನಡಿಯ ಮೂಲೆಗೆ ಸಿಕ್ಕಿಸಿದಳು.

ಮಾರ್ಚಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ನಾಲ್ಕು ವರ್ಷ ಅವರು ನಡುಮನೆಯ ಮಂಚದ ಮೇಲೆ ಇದ್ದರು. ಆ ನಾಲ್ಕು ವರ್ಷದಲ್ಲೇ ಅಣ್ಣ ಕುಡಿತಕ್ಕೆ ಬಿದ್ದ, ಮನೆ ಮೇಲೆ ಸಾಲ ಏರಿತು. ಕಾರ್ಡ್ ಮಾತ್ರ ಇದ್ದಲ್ಲೇ ಇತ್ತು. ದಿನಾ ತಲೆ ಬಾಚುವಾಗ ಅಮ್ಮನ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಬಾಚಣಿಗೆ ಹಿಡಿದುಕೊಂಡೇ ಕೇಳಿದಳು: "ಇದನ್ನ ತೆಗೆದುಬಿಡಲಾ, ಇರಲಾ?" ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇಂಥ ಮನೆಗಳಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಷ್ಟ ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ನಾಳೆ ಬೆಳಗ್ಗೆ ಎದ್ದು ಏನು ಮಾಡಬಹುದು ಎಂಬುದನ್ನು ಮಾತ್ರ ಹೇಳಬಲ್ಲೆ. ನಮ್ಮ ಮನೆಯಲ್ಲಿ ನಾನು ಕಂಡದ್ದು ಇಷ್ಟು: ರೋಗಕ್ಕಿಂತ, ಸಾಲಕ್ಕಿಂತ ನಮ್ಮ ನಂಬಿಕೆಯನ್ನು ಜಾಸ್ತಿ ಸವೆಸಿದ್ದು, ದೇವರ ಮುಂದೆಯೂ ಸಭೆಯ ಮುಂದೆಯೂ "ಚೆನ್ನಾಗಿದ್ದೇವೆ, ಸ್ತೋತ್ರ" ಎಂದು ಹೇಳುತ್ತಾ ಹೋದದ್ದು. ಅದನ್ನು ಬಿಟ್ಟ ಮೇಲೆಯೇ ಉಸಿರು ಬಂತು. ಕೆಳಗಿನ ಹೆಜ್ಜೆಗಳೆಲ್ಲ ಅಲ್ಲಿಂದ ಹುಟ್ಟಿದವು. ಯಾವುದನ್ನು ಬೇಕಾದರೂ ಮೊದಲು ಹಿಡಿಯಬಹುದು. ಆದರೆ ಮೊದಲನೆಯದನ್ನು ಮಾತ್ರ ಹಾರಿಸಬೇಡಿ.

1. ಮೊದಲು ಊಟ ಮಾಡಿ, ಮಲಗಿ

ಪ್ರವಾದಿ ಎಲೀಯನ ಕಥೆ ಗೊತ್ತಲ್ವಾ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡವನು, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಕಾಡಿಗೆ ಓಡಿಹೋದ. ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಜೀವ ತೆಗೆದುಕೋ ಎಂದ. ಆಮೇಲೆ ದೇವರು ಮಾಡಿದ್ದನ್ನು ನಿಧಾನವಾಗಿ ಓದಿ. ಬೈಯಲಿಲ್ಲ. ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ದೂತನು ಬಂದು ಮುಟ್ಟಿ ಎಬ್ಬಿಸಿದ. ಕಲ್ಲಿನ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು ತಲೆಯ ಹತ್ತಿರ ಇತ್ತು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಎಲೀಯನ ಜೊತೆ ಮಾತಿಗೆ ಇಳಿದದ್ದು ಇದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದರೆ ನೋಡಿಕೊಳ್ಳುವವರಿಗೆ ನಿದ್ದೆ ಇರುವುದಿಲ್ಲ. ಅಪ್ಪನ ಬಟ್ಟೆ ಬದಲಿಸುತ್ತಾ ರಾತ್ರಿ ಎರಡು ಗಂಟೆಗೆ ನಾನು "ದೇವರೇ ಇಲ್ಲ" ಎಂದು ಎಷ್ಟೋ ಸಲ ತೀರ್ಮಾನ ಮಾಡಿದ್ದೇನೆ. ಬೆಳಗ್ಗೆ ಕಾಫಿ ಕುಡಿಯುವಾಗ ಆ ತೀರ್ಮಾನ ಅಷ್ಟು ಗಟ್ಟಿ ಇರುತ್ತಿರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ರಾತ್ರಿ ಹತ್ತರ ಮೇಲೆ ದೇವರ ಬಗ್ಗೆ, ಮದುವೆಯ ಬಗ್ಗೆ, ಸಭೆ ಬಿಡುವ ಬಗ್ಗೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಮೂರು ರಾತ್ರಿ ಸರಿಯಾಗಿ ಮಲಗಿದ ಮೇಲೂ ಅದೇ ಪ್ರಶ್ನೆ ಉಳಿದಿದ್ದರೆ ಆಗ ಕೂತು ಯೋಚಿಸುತ್ತೇನೆ.

ಹಾಗಾಗಿ ಈ ವಾರವೇ ರಾತ್ರಿ ಪಾಳಿ ಹಂಚಿಕೊಳ್ಳಿ. ಅಕ್ಕ, ಭಾವ, ಚಿಕ್ಕಪ್ಪ, ಯಾರಾದರೂ ವಾರಕ್ಕೆ ಎರಡು ರಾತ್ರಿ ಕೂತರೆ ಸಾಕು. ಇನ್ನೊಂದು ಮಾತು. ಈಗಾಗಲೇ ಸರಿಯಾಗಿ ಊಟ ಸೇರದವರು ಅದರ ಮೇಲೆ ಉಪವಾಸ ಪ್ರಾರ್ಥನೆಯನ್ನು ಹೇರಿಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಉಪವಾಸ ಬೇಡವೇ ಬೇಡ.

2. ದೂರನ್ನು ನೇರವಾಗಿ ದೇವರಿಗೇ ಹೇಳಿ

ನಮಗೆ ಚಿಕ್ಕಂದಿನಿಂದ ಕಲಿಸಿದ್ದು ಕೃತಜ್ಞತೆಯ ಪ್ರಾರ್ಥನೆ. ಗೊಣಗಬಾರದು, ಎಲ್ಲದರಲ್ಲೂ ಸ್ತೋತ್ರ ಹೇಳಬೇಕು. ಒಳ್ಳೆಯ ಪಾಠವೇ. ಆದರೆ ಸತ್ಯವೇದದಲ್ಲಿ 150 ಕೀರ್ತನೆಗಳಿವೆ, ಅವುಗಳಲ್ಲಿ ದುಃಖದ, ದೂರಿನ ಕೀರ್ತನೆಗಳ ಗುಂಪೇ ಎಲ್ಲಕ್ಕಿಂತ ದೊಡ್ಡದು. ಇಷ್ಟೊಂದು ಅಳುವನ್ನು ದೇವರ ಜನ ಆರಾಧನೆಯಲ್ಲೇ ಹಾಡಿದ್ದಾರೆ. ಪ್ರಲಾಪಗಳು ಎಂಬ ಪುಸ್ತಕವಂತೂ ಹೆಸರಲ್ಲೇ ಅಳು ಇಟ್ಟುಕೊಂಡಿದೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು, ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಸಾಲನ್ನು. ದೇವರ ಮಗನೇ ಕೇಳಿದ ಪ್ರಶ್ನೆಯನ್ನು ನಾವು ಕೇಳಿದರೆ ಪಾಪ ಹೇಗಾಗುತ್ತದೆ?

ಶುರು ಮಾಡಲು 13ನೇ ಕೀರ್ತನೆ ಸರಿಯಾದ ಜಾಗ. ಆರೇ ವಚನ. ಇನ್ನೆಷ್ಟು ದಿನ ಎಂದು ದಾವೀದ ನಾಲ್ಕು ಸಲ ಕೇಳುತ್ತಾನೆ. ದೇವರನ್ನು ಹೆಸರು ಹಿಡಿದು ಕರೆಯುತ್ತಾನೆ. ಏನಾಗಿದೆ ಅಂತ ಹೇಳುತ್ತಾನೆ. ಏನು ಬೇಕು ಅಂತ ಕೇಳುತ್ತಾನೆ. ಕೊನೆಗೆ, ಹಿಂದೆ ದೇವರು ತೋರಿಸಿದ ಪ್ರೀತಿಯನ್ನು ನೆನೆಸಿಕೊಳ್ಳುತ್ತಾನೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದೊಡ್ಡ ಮಾತು ಬೇಡ, ಮನೆಯ ಮಾತು ಸಾಕು. ಆ ದಿನಗಳಲ್ಲಿ ನಾನು ಬರೆದದ್ದು ಹೀಗಿತ್ತು:

"ಕರ್ತನೇ, ಇವತ್ತು ಅಪ್ಪ ನೀರು ಕೇಳಲು ಹೋಗಿ ಬಾಯಿಂದ ಮಾತು ಬಾರದೆ ಅತ್ತರು. ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ನೋಡುತ್ತಿದ್ದೀಯಾ? ಇನ್ನೆಷ್ಟು ದಿನ? ಒಂದೇ ಒಂದು ಮಾತಾದರೂ ಅವರಿಗೆ ಕೊಡು. ಹೋದ ವರ್ಷ ಅಕ್ಕನ ಹೆರಿಗೆಯಲ್ಲಿ ನೀನು ಇದ್ದೆ. ಅದನ್ನು ಮರೆತಿಲ್ಲ."

ಕೊನೆಯ ಸಾಲು ಬರೆಯಲು ಬಾರದ ದಿನ ಬಿಟ್ಟುಬಿಡಿ. ಒತ್ತಾಯ ಬೇಡ. 88ನೇ ಕೀರ್ತನೆಯನ್ನು ತೆಗೆದು ನೋಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೂ ಬೆಳಕು ಬರುವುದಿಲ್ಲ, ಸ್ತೋತ್ರ ಬರುವುದಿಲ್ಲ. ಆದರೂ ಅದನ್ನು ಯಾರೂ ಸತ್ಯವೇದದಿಂದ ಕಿತ್ತು ಹಾಕಲಿಲ್ಲ. ಅಮ್ಮನ ಸತ್ಯವೇದದಲ್ಲಿ ಆ ಪುಟದ ಅಂಚಿನಲ್ಲಿ ಅರಿಸಿನದ ಹೆಬ್ಬೆಟ್ಟಿನ ಗುರುತು ಇದೆ. ಅಡುಗೆ ಮಾಡುತ್ತಾ ಮಾಡುತ್ತಾ ಎದ್ದು ಬಂದು ಓದುತ್ತಿದ್ದಳು ಅನ್ನಿಸುತ್ತದೆ. 23ನೇ ಕೀರ್ತನೆಯ ಪುಟ ಅಷ್ಟು ಕೊಳೆಯಾಗಿಲ್ಲ.

ಬರೆಯಲು ಬಾರದವರು ಗಟ್ಟಿಯಾಗಿ ಹೇಳಿ. ಮನೆಯಲ್ಲಿ ಜನ ಇದ್ದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ. ಮಗುವಿಗಾಗಿ ಬೇಡಿದ ಹನ್ನಳ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಅಲ್ಲಾಡಿತು, ದನಿ ಹೊರಗೆ ಬರಲಿಲ್ಲ. ಯಾಜಕನಾದ ಏಲಿಯೇ ಅವಳು ಕುಡಿದಿದ್ದಾಳೆ ಅಂದುಕೊಂಡ. ನೋಡುವವರಿಗೆ ಹೇಗೆ ಕಂಡರೇನು, ಕೇಳಬೇಕಾದವನು ಕೇಳಿದ.

3. ಕಾರಣ ಹೇಳಲು ಬರುವವರಿಗೆ ಏನು ಹೇಳಬೇಕು

ಕಷ್ಟದ ಮನೆಗೆ ಎರಡು ಥರದ ಜನ ಬರುತ್ತಾರೆ. ಕೂತು ಹೋಗುವವರು, ಕಾರಣ ಹೇಳಿ ಹೋಗುವವರು. "ಮನೆಯಲ್ಲಿ ಯಾವುದೋ ಅರಿಕೆ ಮಾಡದ ಪಾಪ ಇರಬೇಕು", "ನಿಮ್ಮ ನಂಬಿಕೆ ಸಾಲದು", "ದೇವರು ತನಗೆ ಪ್ರಿಯರಾದವರನ್ನೇ ಶೋಧಿಸುತ್ತಾನೆ". ಇವುಗಳಲ್ಲಿ ಒಂದೊಂದೂ ಅಮ್ಮನ ಎದೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತಿತ್ತು.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಕೋಪ ಮಾಡಿಕೊಂಡದ್ದು ಆ ಗೆಳೆಯರ ಮೇಲೆ. ಅಷ್ಟೆಲ್ಲ ಕೂಗಾಡಿದ ಯೋಬನೇ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಎಂದು ದೇವರು ಹೇಳುತ್ತಾನೆ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪ, ಇವನದೋ ತಂದೆ ತಾಯಿಯದೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದೂ ಅಲ್ಲ ಎಂದು ಯೇಸು ಹೇಳಿದ್ದೂ ಇದೆ. ಯೋಹಾನ 9ನೇ ಅಧ್ಯಾಯ. ಅದನ್ನು ಗುರುತು ಹಾಕಿಟ್ಟುಕೊಳ್ಳಿ, ಬೇಕಾಗುತ್ತದೆ.

ವಾದಕ್ಕೆ ಇಳಿಯಬೇಡಿ, ನಿಮಗೆ ಅಷ್ಟು ಶಕ್ತಿ ಇರುವುದಿಲ್ಲ. ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು: "ಕಾರಣ ನಮಗೂ ಗೊತ್ತಿಲ್ಲ. ಒಂದು ಸಣ್ಣ ಪ್ರಾರ್ಥನೆ ಮಾಡಿ ಹೋಗ್ತೀರಾ?" ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಬಂದಿರುತ್ತಾರೆ. ಏನು ಮಾಡಬೇಕೆಂದು ತಿಳಿಯದೆ ಕಾರಣ ಹೇಳುತ್ತಾರೆ. ಮಾಡಲು ಒಂದು ಕೆಲಸ ಕೊಟ್ಟರೆ ಅವರಿಗೂ ಹಗುರ.

4. ಪ್ರಾರ್ಥನೆಯನ್ನು ಚಿಕ್ಕದು ಮಾಡಿ

ಒಂದು ಗಂಟೆ ಮೊಣಕಾಲೂರುತ್ತಿದ್ದವರು ಕಷ್ಟ ಬಂದಾಗ ಐದು ನಿಮಿಷವೂ ಕೂರಲಾಗದೆ, ನಾನು ಬಿದ್ದುಹೋದೆ ಅಂದುಕೊಳ್ಳುತ್ತಾರೆ. ಜ್ವರ ಬಂದಾಗ ಗಂಜಿ ಕುಡಿಯುವುದಿಲ್ವಾ, ಹಾಗೆ ಇದು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಎರಡು ಸಲ ಹೇಳಿ. ಅದೂ ಆಗದಿದ್ದರೆ ಅದರಲ್ಲಿ ಒಂದೇ ಸಾಲು, ಈ ಹೊತ್ತಿನ ರೊಟ್ಟಿಯನ್ನು ಕೇಳುವ ಸಾಲು. ಅದೂ ಆಗದಿದ್ದರೆ ಉಸಿರು ಎಳೆಯುವಾಗ "ಯೇಸುವೇ", ಬಿಡುವಾಗ "ಕರುಣಿಸು". ಪಾತ್ರೆ ತೊಳೆಯುವಾಗ, ಆಸ್ಪತ್ರೆಯ ಕ್ಯೂನಲ್ಲಿ ಟೋಕನ್ ಹಿಡಿದು ಕೂತಾಗ, ಬಸ್ಸಿನಲ್ಲಿ ನಿಂತಾಗ ಇದನ್ನು ಮಾಡಬಹುದು. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ, ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ಕರೆತಂದ ಒಬ್ಬ ತಂದೆ, ನಂಬುತ್ತೇನೆ, ನಂಬಲಾಗದ ನನಗೆ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗುತ್ತಾನೆ. ಆ ಅರ್ಧಂಬರ್ಧ ಪ್ರಾರ್ಥನೆಗೇ ಮಗ ವಾಸಿಯಾದ.

ದೇವರು ಹತ್ತಿರ ಇದ್ದಾನೆ ಎಂಬ ಭಾವನೆ ಬಾರದಿದ್ದರೆ ಗಾಬರಿ ಬೇಡ. ಕೊಲ್ಕತ್ತೆಯ ಮದರ್ ತೆರೇಸಾ ಹತ್ತಾರು ವರ್ಷ ಆ ಭಾವನೆಯೇ ಇಲ್ಲದೆ ಸೇವೆ ಮಾಡಿದರು ಎಂಬುದು, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಪತ್ರಗಳು ಹೊರಗೆ ಬಂದಾಗ ತಿಳಿಯಿತು. ಅಷ್ಟು ವರ್ಷವೂ ಅವರು ಬೆಳಗಿನ ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟಿರಲಿಲ್ಲ.

5. ಇನ್ನೊಬ್ಬರ ನಂಬಿಕೆಯ ಮೇಲೆ ಒರಗಿಕೊಳ್ಳಿ

ಕಪೆರ್ನೌಮಿನಲ್ಲಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಚಾವಣಿ ಬಿಚ್ಚಿ ಕೆಳಗಿಳಿಸಿದರಲ್ಲ, ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಭಾಗವನ್ನು ನಾನು ಬೇರೆ ಥರ ಓದತೊಡಗಿದೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಚಾಪೆಯ ಮೇಲೆ ಮಲಗಿದವನಿಗೆ ಆ ಹೊತ್ತಿಗೆ ನಂಬಿಕೆ ಇತ್ತೋ ಇಲ್ಲವೋ, ಮಾರ್ಕ ಆ ಮಾತನ್ನೇ ಎತ್ತುವುದಿಲ್ಲ.

ನಿಮಗೂ ನಾಲ್ಕು ಜನ ಬೇಕು. ನಾಲ್ಕು ಸಿಗದಿದ್ದರೆ ಒಬ್ಬರು. ಹೇಗೆ ಆರಿಸುವುದು? ನಿಮ್ಮ ಹತ್ತಿರ ಬೇರೆಯವರ ಮನೆಯ ಗುಟ್ಟು ಹೇಳುವವರು ನಿಮ್ಮದನ್ನೂ ಹೇಳುತ್ತಾರೆ, ಅವರನ್ನು ಬಿಡಿ. "ಪ್ರಾರ್ಥನಾ ವಿಷಯ" ಎಂಬ ಹೆಸರಲ್ಲಿ ಮನೆಯ ಸಂಗತಿಯೆಲ್ಲ ಇಡೀ ವಾಟ್ಸಾಪ್ ಗುಂಪಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಕಷ್ಟ ಕಂಡವರು, ಮಾತು ಕಡಿಮೆ ಇರುವವರು, ಹೇಳಿದ ಹೊತ್ತಿಗೆ ಬರುವವರು, ಇವರಲ್ಲಿ ಒಬ್ಬರನ್ನು ನೋಡಿ. ಸ್ತ್ರೀ ಸಮಾಜದಲ್ಲಿ ಇಂಥ ಒಬ್ಬ ಹಿರಿಯ ಹೆಂಗಸು ಇದ್ದೇ ಇರುತ್ತಾರೆ, ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ.

ಅವರ ಹತ್ತಿರ ಹೋಗಿ ಪೂರ್ತಿ ನಿಜ ಹೇಳಿ. "ನನಗೆ ಈಗ ಪ್ರಾರ್ಥನೆ ಬರ್ತಿಲ್ಲ. ನನ್ನ ಬದಲು ನೀವು ಮಾಡಿ." ಇಷ್ಟೇ ಸಾಕು. ಸಹಾಯ ಕೇಳುವಾಗ ಬಿಡಿಸಿ ಕೇಳಿ. "ಏನಾದರೂ ಬೇಕಾದರೆ ಹೇಳಿ" ಎಂದವರಿಗೆ "ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಪ್ಪನ ಹತ್ತಿರ ಕೂರ್ತೀರಾ?" ಎಂದು ಕೇಳಿ. ನಮ್ಮ ಮನೆಗೆ ಪಕ್ಕದ ಬೀದಿಯ ಆಂಟಿ ಒಬ್ಬರು ಹೀಗೆ ನಾಲ್ಕು ವರ್ಷ ಗುರುವಾರ ತಪ್ಪಿಸಲಿಲ್ಲ. ಅವರು ದೊಡ್ಡ ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಲ್ಲ. ಅಪ್ಪನ ಉಗುರು ಕತ್ತರಿಸುತ್ತಿದ್ದರು. ಸೆಟೆದುಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಕತ್ತರಿಸುತ್ತಿದ್ದರು.

ನೊವೊಮಿಯ ವಿಷಯವೂ ಇದೇ. ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬಂದವಳು, ನನ್ನನ್ನು ಮಾರಾ ಅನ್ನಿ, ನನ್ನ ಬಾಳು ಕಹಿಯಾಯಿತು, ಬರಿಗೈಯಲ್ಲಿ ಬಂದೆ ಎಂದಳು. ಸೊಸೆ ರೂತಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು! ಆದರೂ ಅವಳು "ನಾನಿಲ್ವಾ" ಎಂದು ತಿದ್ದಲಿಲ್ಲ. ಆಮೇಲೆ ತೆನೆ ಆಯಲು ಹೋದಳು.

6. ಡಾಕ್ಟರ ಹತ್ತಿರ ಹೋಗುವುದು ಅಪನಂಬಿಕೆ ಅಲ್ಲ

ಇದನ್ನು ಕೋಪದಿಂದಲೇ ಬರೆಯುತ್ತಿದ್ದೇನೆ. ಅಪ್ಪ ಮಲಗಿದ ಮೊದಲ ವರ್ಷ, ಹೊರಗಿನಿಂದ ಬಂದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಇನ್ನು ಮಾತ್ರೆ ಬೇಡ, ಮಾತ್ರೆ ತಿಂದರೆ ದೇವರನ್ನು ನಂಬದ ಹಾಗೆ ಎಂದರು. ಅಮ್ಮ ಬಿಪಿ ಮಾತ್ರೆ ನಿಲ್ಲಿಸಿದಳು. ಒಂಬತ್ತು ದಿನಕ್ಕೆ ಅಪ್ಪನನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ದಯವಿಟ್ಟು, ಯಾರು ಹೇಳಿದರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಅಪೊಸ್ತಲ ಪೌಲನ ಸಂಗಡಿಗನಾದ ಲೂಕನು ವೈದ್ಯ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಲ್ಲಿ ರೋಗಿಯಾಗಿಯೇ ಬಿಟ್ಟು ಬರಬೇಕಾಯಿತು ಎಂದು ತಿಮೊಥೆಗೆ ಬರೆಯುತ್ತಾನೆ. ತನ್ನ ಮೈಯಲ್ಲಿ ನೆಟ್ಟ ಮುಳ್ಳಿಗಾಗಿ ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಅಪೊಸ್ತಲನ ಕಥೆಯೇ ಹೀಗಿರುವಾಗ, ವಾಸಿಯಾಗದಿದ್ದರೆ ನಿಮ್ಮ ನಂಬಿಕೆ ಕಡಿಮೆ ಅನ್ನುವವರ ಮಾತನ್ನು ಯಾಕೆ ಎದೆಗೆ ಹಾಕಿಕೊಳ್ಳಬೇಕು? ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಶುರುವಾದದ್ದು 1900ರಲ್ಲಿ, ಐಡಾ ಸ್ಕಡರ್ ಎಂಬ ಡಾಕ್ಟರ್ ತೆರೆದ ಒಂದೇ ಹಾಸಿಗೆಯ ದವಾಖಾನೆಯಿಂದ. ಗದಗ ಬೆಟಗೇರಿಯ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅನ್ನುತ್ತಾರೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಕಟ್ಟಿದ್ದು. ಪ್ರಾರ್ಥನೆ ಮಾಡುವವರೇ ಆಸ್ಪತ್ರೆ ಕಟ್ಟಿದ್ದಾರೆ.

ಲಕ್ವದ ಲಕ್ಷಣ ಕಂಡರೆ, ಅಂದರೆ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಪ್ರಾರ್ಥನೆಯನ್ನು ಆಂಬುಲೆನ್ಸ್‌ನಲ್ಲಿ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುತ್ತಾರೆ. ನಮಗೆ ಇದು ಆಮೇಲೆ ಗೊತ್ತಾಯಿತು.

ಮನಸ್ಸಿನ ಕಾಯಿಲೆಗೂ ಇದೇ ಮಾತು. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ, ಊಟ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ, ಇವತ್ತೇ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ಉಚಿತ ಸೇವೆ ಅದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

7. ಈಟಿ ಬಂದಾಗ ಪಕ್ಕಕ್ಕೆ ಸರಿಯಿರಿ

ರಾಜ ಸೌಲನು ಈಟಿ ಎಸೆದಾಗ ದಾವೀದ ಏನು ಮಾಡಿದ? ತಪ್ಪಿಸಿಕೊಂಡ. ಈಟಿ ಗೋಡೆಗೆ ನಾಟಿತು. ಅದೇ ರಾತ್ರಿ ಓಡಿಹೋದ, ಹೆಂಡತಿ ಮೀಕಲಳೇ ಅವನನ್ನು ಕಿಟಕಿಯಿಂದ ಇಳಿಸಿದಳು. ಇದನ್ನು ಯಾವ ಪ್ರಸಂಗಿಯೂ ದಾವೀದನ ಅಪನಂಬಿಕೆ ಅಂತ ಬೋಧಿಸಿಲ್ಲ. ಮುಂದೆ ಸೌಲ ಕೈಗೆ ಸಿಕ್ಕಾಗ ದಾವೀದ ಅವನನ್ನು ಕೊಲ್ಲದೆ ಬಿಟ್ಟ, ಆದರೆ ಅವನ ಮನೆಗೆ ವಾಪಸ್ ಹೋಗಿ ಕೂರಲಿಲ್ಲ.

ಗಂಡ ಹೊಡೆಯುತ್ತಿದ್ದರೆ "ಶಿಲುಬೆ ಹೊತ್ತುಕೋ" ಎಂದು ಹೇಳುವವರ ಮಾತು ಕೇಳಬೇಡಿ. ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗುವುದರಿಂದ ಮದುವೆಯ ಒಡಂಬಡಿಕೆಯನ್ನು ನೀವು ಮುರಿದಂತಾಗುವುದಿಲ್ಲ. ಅದನ್ನು ಮುರಿದದ್ದು ಎತ್ತಿದ ಕೈ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶವನ್ನೂ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ಜೆರಾಕ್ಸ್ ಒಂದು ಸೆಟ್ ನಂಬಿಕಸ್ತರ ಮನೆಯಲ್ಲಿ ಇಟ್ಟಿರಿ. ಕ್ಷಮೆಯ ಮಾತು ಆಮೇಲೆ, ನೀವು ಸುರಕ್ಷಿತವಾಗಿ ಇದ್ದಾಗ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ಉಜ್ಜೀವನ ಕೂಟದಲ್ಲಿ ಕಣ್ಣೀರಿಟ್ಟು, ಇವತ್ತಿನಿಂದ ಬಿಟ್ಟೆ ಎಂದು ಮನೆಗೆ ಬಂದವರನ್ನು ಕಂಡು ಖುಷಿಪಡುತ್ತೇವೆ. ಆದರೆ ವರ್ಷಗಟ್ಟಲೆ ದಿನಾ ತುಂಬಾ ಕುಡಿದವರು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅಣ್ಣನಿಗೆ ಹಾಗೇ ಆಯಿತು. ಆ ನಿರ್ಧಾರ ಮಾಡಿದ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಆಮೇಲೆ ಕುಡಿತ ಬಿಡುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಿವೆ, ಮನೆಯವರಿಗೆಂದೇ ಅಲ್-ಅನಾನ್ ಕೂಟಗಳಿವೆ. ಎರಡಕ್ಕೂ ಶುಲ್ಕ ಇಲ್ಲ. ಅಮ್ಮ ಅಲ್ಲಿಗೆ ಹೋಗತೊಡಗಿದ ಮೇಲೆ ಅಣ್ಣನ ಬಾಟಲಿ ಹುಡುಕಿ ಸುರಿಯುವುದನ್ನು ನಿಲ್ಲಿಸಿದಳು, ಅವನಿಗಾಗಿ ಸುಳ್ಳು ಹೇಳುವುದನ್ನೂ ನಿಲ್ಲಿಸಿದಳು.

8. ಸಾಲ ಇದ್ದರೆ

ಪ್ರವಾದಿ ಎಲೀಷನ ಹತ್ತಿರ ಒಬ್ಬ ವಿಧವೆ ಬರುತ್ತಾಳೆ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಎಳೆದೊಯ್ಯಲು ಬರುತ್ತಿದ್ದಾನೆ. ಪ್ರವಾದಿ ಅವಳಿಂದ ಕಾಣಿಕೆ ಕೇಳಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಒಂದು ಕುಡಿಕೆ ಎಣ್ಣೆ ಮಾತ್ರ ಇತ್ತು. ನೆರೆಯವರಿಂದ ಪಾತ್ರೆ ಕೇಳಿ ತಾ ಎಂದ. ಆ ಎಣ್ಣೆ ಎಲ್ಲ ಪಾತ್ರೆಗಳನ್ನೂ ತುಂಬಿತು. ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಬದುಕು ಎಂದ.

ನೀವೂ ಹಾಗೇ ಮಾಡಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಲು ನೋಡಿ. ಇಷ್ಟು ಹಣ ಬಿತ್ತಿದರೆ ದೇವರು ಸಾಲ ತೀರಿಸುತ್ತಾನೆ ಎನ್ನುವವರಿಗೆ ಒಂದು ರೂಪಾಯಿ ಕೂಡ ಕೊಡಬೇಡಿ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ಕೊಡಲಾಗದ ತಿಂಗಳು ತಟ್ಟೆ ಮುಂದೆ ಬಂದಾಗ ತಲೆ ತಗ್ಗಿಸಬೇಕಿಲ್ಲ.

9. ಮನೆಯೊಳಗೆ: ಮಕ್ಕಳು, ನಂಬದವರು

ಮಕ್ಕಳಿಗೆ ನಿಜ ಹೇಳಿ, ಅವರ ಅಳತೆಗೆ ತಕ್ಕಷ್ಟು. "ತಾತನಿಗೆ ವಾಸಿಯಾಗುತ್ತೆ, ದೇವರು ಮಾಡ್ತಾನೆ" ಎಂದು ಮಾತು ಕೊಟ್ಟು, ತಾತ ತೀರಿಕೊಂಡರೆ ಮಗು ದೇವರನ್ನೇ ಸುಳ್ಳುಗಾರ ಅನ್ನುತ್ತದೆ. "ವಾಸಿಯಾಗಲಿ ಅಂತ ಕೇಳ್ತಾ ಇದ್ದೀವಿ. ಆಗುತ್ತೋ ಇಲ್ವೋ ಗೊತ್ತಿಲ್ಲ. ಏನಾದರೂ ನಾವು ಒಟ್ಟಿಗೆ ಇರ್ತೀವಿ" ಅನ್ನಿ. ಗೆಳೆಯ ಲಾಜರ ಸತ್ತಾಗ ಯೇಸು ಅತ್ತನು. ಮಕ್ಕಳ ಮುಂದೆ ಅಳುವುದಕ್ಕೆ ನಾಚಿಕೆ ಯಾಕೆ? ಮನೆ ಪ್ರಾರ್ಥನೆ ಹತ್ತು ನಿಮಿಷ ಮೀರುವುದು ಬೇಡ. ಒಂದು ಗೀತೆ, ನಾಲ್ಕು ವಚನ, ಒಬ್ಬೊಬ್ಬರದೂ ಒಂದು ವಾಕ್ಯ.

ಮನೆಯಲ್ಲಿ ನೀವೊಬ್ಬರೇ ನಂಬುವವರಾಗಿದ್ದರೆ ದಾರಿ ಇನ್ನೂ ಕಷ್ಟ. ಈ ಕಷ್ಟ ಕನ್ನಡ ನಾಡಿನ ಸಭೆಗೆ ಮೊದಲಿನಿಂದಲೂ ಗೊತ್ತು. ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು, ಬಂಧು ಬಳಗ ಕಳಚಿಹೋಯಿತು. ನಿಮ್ಮ ಮನೆಯವರು ಪ್ರಾರ್ಥನೆಗೆ ಕೂರದಿದ್ದರೆ ಕೂರಿಸಲು ಹೋಗಬೇಡಿ. ಅವರ ಊಟ, ಅವರ ಔಷಧಿ, ಅವರ ಮಾತು, ಇವುಗಳಲ್ಲಿ ಪ್ರೀತಿ ಕಾಣಲಿ. ನೀವು ಮಾತ್ರ ಭಾನುವಾರದ ಒಂದೂವರೆ ಗಂಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. "ಆ ಹೊತ್ತು ನನಗೆ ಬೇಕು" ಎಂದು ಜಗಳವಿಲ್ಲದೆ ಹೇಳಿ.

10. ಶನಿವಾರದಲ್ಲಿ ಬದುಕುವುದು

ಶುಭ ಶುಕ್ರವಾರ ನಾವು ಮೂರು ಗಂಟೆ ಕೂತು ಶಿಲುಬೆಯ ಏಳು ಮಾತು ಕೇಳುತ್ತೇವೆ. ಭಾನುವಾರ ನಸುಕಿನಲ್ಲಿ ಪುನರುತ್ಥಾನದ ಹಾಡು ಹಾಡುತ್ತೇವೆ. ನಡುವಿನ ಶನಿವಾರ ನಮ್ಮ ಸಭೆಯಲ್ಲಿ ಏನೂ ಇರುವುದಿಲ್ಲ. ಗುಡಿಸಿ ಒರೆಸಿ, ಹೂವು ಜೋಡಿಸುತ್ತಾರೆ ಅಷ್ಟೇ. ಮೊದಲ ಶನಿವಾರ ಶಿಷ್ಯರಿಗೆ ನಾಳೆ ಭಾನುವಾರ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ಹೆಂಗಸರು ಸುಗಂಧದ್ರವ್ಯ ಸಿದ್ಧ ಮಾಡಿಟ್ಟುಕೊಂಡು ಸಬ್ಬತ್ತಿನ ನಿಯಮದಂತೆ ಸುಮ್ನೆ ಇದ್ದರು ಎಂದು ಲೂಕ ಬರೆಯುತ್ತಾನೆ. ಸತ್ತವನಿಗೆ ಹಚ್ಚಲು ಸಿದ್ಧ ಮಾಡಿದ್ದು ಅದು. ಎದ್ದು ಬರುತ್ತಾನೆ ಅಂತ ಅವರು ಕಾಯುತ್ತಿರಲಿಲ್ಲ.

ನಮ್ಮ ಮನೆಯ ಶನಿವಾರ ನಾಲ್ಕು ವರ್ಷ ಇತ್ತು. ನಿಮ್ಮದು ಎಷ್ಟು ದಿನವೋ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಚಿಕ್ಕದು: ಮಾತ್ರೆ, ಗಂಜಿ, ಕರ್ತನ ಪ್ರಾರ್ಥನೆ, ಗುರುವಾರ ಬರುವ ಒಬ್ಬರು. ಹಬ್ಬಗಳು ಹತ್ತಿರ ಬಂದಾಗ ಮೊದಲೇ ಯೋಚಿಸಿ. ಮನೆಯಲ್ಲಿ ಒಬ್ಬರು ಇಲ್ಲದ ಮೊದಲ ಕ್ರಿಸ್‌ಮಸ್‌ಗೆ ಎಲ್ಲ ಮೊದಲಿನ ಹಾಗೇ ಮಾಡಲು ಹೋಗಬೇಡಿ. ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡಲು ಆಗದಿದ್ದರೆ ಬೇಡ. ಅವರ ಹೆಸರು ಹೇಳಿ ಒಂದು ಮೇಣದಬತ್ತಿ ಹಚ್ಚಿ, ಅವರಿಗೆ ಇಷ್ಟವಾದ ಒಂದೇ ಒಂದು ಅಡುಗೆ ಮಾಡಿ. ಮನೆಯಲ್ಲಿ ಕೂರಲಾಗದಿದ್ದರೆ ಸಭೆಗೆ ಹೋಗಿ ಹಿಂದೆ ಕೂತು, ಹಾಡು ಶುರುವಾದಾಗ ಸುಮ್ಮನಿರಿ. ಪಕ್ಕದವರು ಹಾಡುತ್ತಾರೆ.

ಅಪ್ಪ ಒಂದು ಅಕ್ಟೋಬರಿನಲ್ಲಿ ತೀರಿಕೊಂಡರು. ಆ ವರ್ಷ ಡಿಸೆಂ‌ಬರ್ 31ರ ರಾತ್ರಿ ಅಮ್ಮ ಆರಾಧನೆಗೆ ಬಂದಳು. ಆದರೆ ಕಾರ್ಡಿನ ತಟ್ಟೆಯ ಹತ್ತಿರ ಹೋಗಲಿಲ್ಲ, ಬೆಂಚಿನಲ್ಲೇ ಕೂತಿದ್ದಳು. ಗುರುವಾರದ ಆಂಟಿ ತಮ್ಮ ಕಾರ್ಡ್ ಎತ್ತಿಕೊಂಡ ಮೇಲೆ ಇನ್ನೊಂದನ್ನು ಎತ್ತಿದರು. ತಿರುಗಿಸಿ ಓದಲಿಲ್ಲ, ಹಾಗೇ ಪರ್ಸಿನೊಳಗೆ ಇಟ್ಟುಕೊಂಡರು. ಹೊರಗೆ ಬರುವಾಗ ಅಮ್ಮನ ಕೈ ಹಿಡಿದು, "ನಿಂದು ನನ್ನ ಹತ್ರ ಇದೆ. ಬೇಕು ಅನ್ನಿಸಿದಾಗ ಕೇಳು" ಎಂದರು.

ಅಮ್ಮ ಕೇಳಿದ್ದು ಆಗಸ್ಟಿನಲ್ಲಿ.